ಸ್ಟೀಫನ್ ಹಾಪ್ಕಿನ್ಸ್ (ಮೇಫ್ಲವರ್ ಪ್ರಯಾಣಿಕ)

ಸ್ಟೀಫನ್ ಹಾಪ್ಕಿನ್ಸ್ (ದೀಕ್ಷಾಸ್ನಾನ: 30 ಏಪ್ರಿಲ್ 1581, ಅಪ್ಪರ್ ಕ್ಲ್ಯಾಟ್‌ಫರ್ಡ್, ಹ್ಯಾಂಪ್‌ಶೈರ್, ಮರಣ: 1644ರ ಜೂನ್ ಅಥವಾ ಜುಲೈ, ಪ್ಲಿಮತ್ ವಸಾಹತು) ಉತ್ತರ ಅಮೆರಿಕದಲ್ಲಿ ನೆಲೆಸಿದ ಮೊದಲ ತಲೆಮಾರಿನ ಇಂಗ್ಲಿಷ್ ವಲಸಿಗರಲ್ಲಿ ಒಬ್ಬನು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ 102 ಪ್ರಯಾಣಿಕರ ಪೈಕಿ ಅದಕ್ಕೂ ಮೊದಲೇ ಅಮೆರಿಕದಲ್ಲಿ ಬದುಕಿ ಹಿಂದಿರುಗಿದ್ದವನೆಂದು ತಿಳಿದಿರುವುದು ಈತನೊಬ್ಬನನ್ನೇ. 1609ರಲ್ಲಿ ಬರ್ಮುಡಾ ದ್ವೀಪದಲ್ಲಿ ಹಡಗು ಒಡೆದು ಸಿಕ್ಕಿಕೊಂಡವರಲ್ಲಿ ಈತನಿದ್ದನು. ಅಲ್ಲಿ ಗವರ್ನರನ ಅಧಿಕಾರವನ್ನು ಪ್ರಶ್ನಿಸಿ ಮರಣದಂಡನೆಗೆ ಗುರಿಯಾಗಿ, ಕ್ಷಮೆ ಪಡೆದು ಬದುಕಿದನು. ಮುಂದೆ ಪ್ಲಿಮತ್‌ನಲ್ಲಿ ತಾನೇ ಆಡಳಿತ ಮಂಡಳಿಯ ಸದಸ್ಯನಾದನು.

ಹಾಪ್ಕಿನ್ಸ್ ತನ್ನ ಬಗ್ಗೆ ತಾನು ಬರೆದುಕೊಂಡ ಆತ್ಮಕಥೆಯಾಗಲಿ ದಿನಚರಿಯಾಗಲಿ ಇಲ್ಲ. ಚರ್ಚಿನ ನೋಂದಣಿ ಪುಸ್ತಕಗಳು, ಆಸ್ತಿಪಟ್ಟಿಗಳು, ನ್ಯಾಯಾಲಯದ ಕಡತಗಳು, ಒಂದು ಉಯಿಲು ಮತ್ತು ಸಮಕಾಲೀನರ ಕೆಲವು ಬರಹಗಳಿಂದಲೇ ಆತನ ಜೀವನವನ್ನು ಜೋಡಿಸಬೇಕಾಗಿದೆ. ಹೀಗಾಗಿ ಆತನ ಮೂಲದ ಬಗ್ಗೆ ಬಹುಕಾಲ ತಪ್ಪು ಮಾಹಿತಿಯೇ ಪ್ರಚಾರದಲ್ಲಿತ್ತು. 1998ರ ನಂತರವಷ್ಟೇ ಅದು ಸರಿಹೋಯಿತು.

ದಿನಾಂಕಗಳ ಬಗ್ಗೆ

ಆಗ ಇಂಗ್ಲೆಂಡಿನಲ್ಲಿ ಜೂಲಿಯನ್ ಪಂಚಾಂಗ ಬಳಕೆಯಲ್ಲಿತ್ತು ಮತ್ತು ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಆದ್ದರಿಂದ ಜನವರಿಯಿಂದ ಮಾರ್ಚ್ 24ರವರೆಗಿನ ಘಟನೆಗಳು ಮೂಲ ದಾಖಲೆಗಳಲ್ಲಿ ಹಿಂದಿನ ವರ್ಷದವೆಂದು ಕಾಣುತ್ತವೆ. ಈ ಲೇಖನದಲ್ಲಿ ದಿನ ಮತ್ತು ತಿಂಗಳನ್ನು ಮೂಲದಲ್ಲಿ ಇದ್ದಂತೆಯೇ ಉಳಿಸಿ, ವರ್ಷವನ್ನು ಮಾತ್ರ ಜನವರಿ 1ರಿಂದ ಎಣಿಸಲಾಗಿದೆ. ಬೇರೆ ಗ್ರಂಥಗಳಲ್ಲಿ ಒಂದು ವರ್ಷದ ವ್ಯತ್ಯಾಸ ಕಂಡರೆ ಅದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಮೂಲದ ಶೋಧ

ಇಪ್ಪತ್ತನೆಯ ಶತಮಾನದ ಬಹುಭಾಗ ಹಾಪ್ಕಿನ್ಸ್ ಗ್ಲಾಸ್ಟರ್‌ಶೈರ್‌ನ ವಾಟನ್-ಅಂಡರ್-ಎಡ್ಜ್ ಬಳಿಯ ವರ್ಟ್ಲಿ ಎಂಬ ಊರಿನವನೆಂದೂ, ಆತನ ಮೊದಲ ಹೆಂಡತಿಯ ಹೆಸರು ಕಾನ್ಸ್‌ಟನ್ಸ್ ಡಡ್ಲಿ ಎಂದೂ ವಂಶಾವಳಿಗಳು ಹೇಳುತ್ತಿದ್ದವು. ಇದಕ್ಕೆ ಗಟ್ಟಿಯಾದ ಆಧಾರ ಇರಲಿಲ್ಲ. ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ನಕಲಾಗುತ್ತ ಹೋದ ಮಾತು, ಮರುಮುದ್ರಣಗಳ ಬಲದಿಂದಲೇ ನಂಬಿಕೆ ಗಳಿಸಿತು.

ಕೇಲಬ್ ಜಾನ್ಸನ್ ಎಂಬ ಸಂಶೋಧಕರು 1998ರಲ್ಲಿ 'ದಿ ಅಮೆರಿಕನ್ ಜೀನಿಯಾಲಜಿಸ್ಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ಕಥೆ ಬಿದ್ದುಹೋಯಿತು. ಅವರು ಹಿಡಿದ ದಾರಿ ಸರಳವಾಗಿತ್ತು. ಮೇಫ್ಲವರ್‌ನಲ್ಲಿ ಬಂದ ಹಾಪ್ಕಿನ್ಸ್‌ನಿಗೆ ಮೊದಲ ಮದುವೆಯಿಂದ ಕಾನ್ಸ್‌ಟನ್ಸ್ ಮತ್ತು ಜೈಲ್ಸ್ ಎಂಬ ಇಬ್ಬರು ಮಕ್ಕಳಿದ್ದರು. ಸ್ಟೀಫನ್ ಎಂಬ ತಂದೆಗೆ ಹುಟ್ಟಿದ ಕಾನ್ಸ್‌ಟನ್ಸ್, ಜೈಲ್ಸ್ ಎಂಬ ಹೆಸರುಗಳು ಜೊತೆಯಾಗಿ ಇರುವ ನೋಂದಣಿ ಪುಸ್ತಕ ಸಿಕ್ಕಿದರೆ ಕುಟುಂಬವೇ ಸಿಕ್ಕಂತೆ. ವಿಂಚೆಸ್ಟರ್ ಸಮೀಪದ ಹರ್ಸ್ಲಿ ಗ್ರಾಮದ ಚರ್ಚಿನಲ್ಲಿ ಅಂಥ ಪುಸ್ತಕ ಸಿಕ್ಕಿತು. ಅದರ ಪ್ರಕಾರ ಎಲಿಜಬೆತ್‌ಳಿಗೆ 1604ರಲ್ಲಿ, ಕಾನ್ಸ್‌ಟನ್ಸ್‌ಳಿಗೆ 1606ರ ಮೇ 11ರಂದು, ಜೈಲ್ಸ್‌ನಿಗೆ 1608ರ ಜನವರಿ 30ರಂದು ದೀಕ್ಷಾಸ್ನಾನವಾಗಿದೆ. ಸ್ಟೀಫನ್‌ನ ಹೆಂಡತಿಯ ಹೆಸರು ಮೇರಿ.

ಇದೇ ಮೇರಿಯನ್ನು 1613ರ ಮೇ 9ರಂದು ಹರ್ಸ್ಲಿಯಲ್ಲಿ ಹೂಳಲಾಯಿತು. ಆಕೆ ಬಿಟ್ಟುಹೋದ ಆಸ್ತಿಯ ದಾಖಲೆಗಳಲ್ಲಿ ಎಲಿಜಬೆತ್, ಕಾನ್ಸ್‌ಟನ್ಸ್ ಮತ್ತು ಜೈಲ್ಸ್ ಎಂಬ ಮೂವರು ಮಕ್ಕಳ ಹೆಸರುಗಳಿವೆ. ಇಡೀ ಶೋಧದಲ್ಲಿ ಅತ್ಯಂತ ಗಮನಾರ್ಹವಾದುದು ಅಲ್ಲಿಯೇ ಇರುವ ಇನ್ನೊಂದು ಮಾತು: ಮೇರಿಯನ್ನು ಆಸ್ತಿಪಟ್ಟಿ ವಿಧವೆ ಎಂದು ಕರೆದಿದೆ. ಆಕೆಯ ಗಂಡ ಆಗ ಸತ್ತಿರಲಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ಹಡಗು ಹತ್ತಿ ಹೋದವನನ್ನು ಊರಿನವರು ಸತ್ತವನೆಂದೇ ಎಣಿಸಿದ್ದರೆಂದು ತೋರುತ್ತದೆ. ತಾಯಿ ತೀರಿಕೊಂಡಾಗ ಹಿರಿಯ ಮಗಳಿಗೆ ಸುಮಾರು ಒಂಬತ್ತು, ಕಿರಿಯವನಿಗೆ ಐದು ವರ್ಷ.

2012ರಲ್ಲಿ ಸೈಮನ್ ನೀಲ್ ಎಂಬ ಸಂಶೋಧಕರು ಈ ಎಳೆಯನ್ನು ಮುಂದುವರಿಸಿದರು. ಹಾಪ್ಕಿನ್ಸ್ ಅಪ್ಪರ್ ಕ್ಲ್ಯಾಟ್‌ಫರ್ಡ್‌ನ ಜಾನ್ ಹಾಪ್ಕಿನ್ಸ್ ಮತ್ತು ಎಲಿಜಬೆತ್ ವಿಲಿಯಮ್ಸ್ ದಂಪತಿಗಳ ಮಗನೆಂದು ಅವರ ಶೋಧದಿಂದ ತಿಳಿದುಬಂದಿತು. ಮೇರಿಯ ತವರಿನ ಹೆಸರು ಕೆಂಟ್ (ಬ್ಯಾಕ್ ಎಂದೂ ಕರೆಯುತ್ತಿದ್ದರು) ಆಗಿರಬಹುದೆಂದು ಅವರು ತೋರಿಸಿದರು. ಹಳೆಯ ವಂಶಾವಳಿ ಪುಸ್ತಕಗಳನ್ನು ನೋಡುವ ವಿದ್ಯಾರ್ಥಿಗಳು ಅವು 1998ಕ್ಕೆ ಮೊದಲು ಅಚ್ಚಾದವೇ ಎಂದು ಮೊದಲು ಪರೀಕ್ಷಿಸುವುದು ಒಳಿತು.

ಸೀ ವೆಂಚರ್ ಮತ್ತು ಬರ್ಮುಡಾ

ವರ್ಜೀನಿಯಾದ ಜೇಮ್ಸ್‌ಟೌನ್ ವಸಾಹತಿಗೆ ಜನ ಮತ್ತು ಸಾಮಗ್ರಿ ಒಯ್ಯಲು 1609ರ ಜೂನ್ ಆರಂಭದಲ್ಲಿ ಇಂಗ್ಲೆಂಡಿನಿಂದ ಹೊರಟ ನೌಕಾಸಮೂಹದ ಮುಖ್ಯ ಹಡಗು ಸೀ ವೆಂಚರ್. ಅದರಲ್ಲಿ ಹಾಪ್ಕಿನ್ಸ್ ಪಾದ್ರಿ ರಿಚರ್ಡ್ ಬಕ್‌ನ ಸಹಾಯಕನಾಗಿದ್ದನು; ಪ್ರಾರ್ಥನೆಯ ವೇಳೆ ಕೀರ್ತನೆಗಳನ್ನು ಓದುವುದು ಆತನ ಕೆಲಸ. ಜುಲೈ ಕೊನೆಯಲ್ಲಿ ಭೀಕರ ಚಂಡಮಾರುತಕ್ಕೆ ಸಿಕ್ಕಿದ ಹಡಗು ಉಳಿದವುಗಳಿಂದ ಬೇರ್ಪಟ್ಟು, ಜುಲೈ 28ರಂದು ಬರ್ಮುಡಾದ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಹಡಗಿನಲ್ಲಿದ್ದ ಸುಮಾರು 150 ಮಂದಿಯೂ ಜೀವಸಹಿತ ದಡ ಸೇರಿದರು.

ದ್ವೀಪದಲ್ಲಿ ಮನುಷ್ಯರಿರಲಿಲ್ಲ, ಹಂದಿ, ಮೀನು, ಆಮೆ, ಹಕ್ಕಿಗಳು ಯಥೇಚ್ಛವಾಗಿದ್ದವು. ಗವರ್ನರ್ ಸರ್ ಥಾಮಸ್ ಗೇಟ್ಸ್ ಹೊಸ ಹಡಗು ಕಟ್ಟಿಸಿ ವರ್ಜೀನಿಯಾಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ ಹಾಪ್ಕಿನ್ಸ್ ತನ್ನ ಜೊತೆಯವರೊಡನೆ ಬೇರೆ ಮಾತು ತೆಗೆದನು. ಅದೇ ಹಡಗಿನಲ್ಲಿದ್ದ ವಿಲಿಯಂ ಸ್ಟ್ರೇಚಿಯ ವರದಿಯಂತೆ ಆತನ ವಾದ ಹೀಗಿತ್ತು: ಹಡಗು ಒಡೆದ ಕ್ಷಣದಿಂದ ಗವರ್ನರನ ಅಧಿಕಾರ ಮುಗಿಯಿತು, ಇನ್ನು ಪ್ರತಿಯೊಬ್ಬನೂ ತನ್ನ ಮತ್ತು ತನ್ನ ಕುಟುಂಬದ ಹಿತವನ್ನು ತಾನೇ ನೋಡಿಕೊಳ್ಳಲು ಸ್ವತಂತ್ರ. ಇಲ್ಲಿ ದೇವರು ಕೊಟ್ಟ ಆಹಾರ ಹೇರಳವಾಗಿದೆ. ವರ್ಜೀನಿಯಾಕ್ಕೆ ಹೋದರೆ ಬಂಡವಾಳ ಹೂಡಿದವರ ಸೇವೆಯಲ್ಲಿ ಜೀವಮಾನವೆಲ್ಲ ಕಳೆಯಬೇಕಾದೀತು. ಈ ವಾದಕ್ಕೆ ಆತ ಲೌಕಿಕ ಕಾನೂನನ್ನೂ ಧರ್ಮಗ್ರಂಥವನ್ನೂ ಆಧಾರವಾಗಿ ಕೊಟ್ಟನು.

ಮಾತು ಕೇಳಿಸಿಕೊಂಡ ಇಬ್ಬರು ಗವರ್ನರನಿಗೆ ತಿಳಿಸಿದರು. 1610ರ ಜನವರಿಯಲ್ಲಿ ಆತನನ್ನು ಬಂಧಿಸಿ, ಗಂಟೆ ಬಾರಿಸಿ ಎಲ್ಲರನ್ನೂ ಸೇರಿಸಿ ವಿಚಾರಣೆ ನಡೆಸಲಾಯಿತು. ದಂಗೆಗೆ ಶಿಕ್ಷೆ ಮರಣವೇ. ಹಾಪ್ಕಿನ್ಸ್ ಕಣ್ಣೀರಿಟ್ಟು, ತಾನು ಸತ್ತರೆ ಊರಿನಲ್ಲಿರುವ ಹೆಂಡತಿ ಮಕ್ಕಳು ನಾಶವಾಗುವರೆಂದು ಬೇಡಿಕೊಂಡನು. ಕ್ಯಾಪ್ಟನ್ ಕ್ರಿಸ್ಟೋಫರ್ ನ್ಯೂಪೋರ್ಟ್, ಸ್ವತಃ ಸ್ಟ್ರೇಚಿ ಮೊದಲಾದವರು ಪಟ್ಟುಹಿಡಿದು ಕೇಳಿದ್ದರಿಂದ ಗೇಟ್ಸ್ ಕ್ಷಮಿಸಿದನು. ಹರ್ಸ್ಲಿಯ ಮೂರು ಮಕ್ಕಳ ಹೆಸರು ಗೊತ್ತಾದ ಮೇಲೆ ಈ ಪ್ರಸಂಗವನ್ನು ಓದುವಾಗ ಆ ಬೇಡಿಕೆ ಬರಿಯ ಉಪಾಯವಾಗಿರಲಿಲ್ಲವೆಂದು ತಿಳಿಯುತ್ತದೆ.

ದೇವದಾರು ಜಾತಿಯ ಸ್ಥಳೀಯ ಮರದಿಂದಲೂ ಒಡೆದ ಹಡಗಿನ ಭಾಗಗಳಿಂದಲೂ ಕಟ್ಟಿದ 'ಡೆಲಿವರನ್ಸ್' ಮತ್ತು 'ಪೇಷನ್ಸ್' ಎಂಬ ಎರಡು ಹಡಗುಗಳಲ್ಲಿ 1610ರ ಮೇ ತಿಂಗಳಲ್ಲಿ ಅವರು ಜೇಮ್ಸ್‌ಟೌನ್ ತಲುಪಿದರು. ಅಲ್ಲಿ ಹಸಿವಿನಿಂದ ಸಾಯದೆ ಉಳಿದಿದ್ದವರು ಸುಮಾರು 60 ಮಂದಿ. ಸ್ಟ್ರೇಚಿಯ ವರದಿ ಅಚ್ಚಾದದ್ದು 1625ರಲ್ಲಿ. ಅದರ ಹಸ್ತಪ್ರತಿಯನ್ನು ಓದಿ ಷೇಕ್ಸ್‌ಪಿಯರ್ 'ದಿ ಟೆಂಪೆಸ್ಟ್' ನಾಟಕಕ್ಕೆ ಸಾಮಗ್ರಿ ಪಡೆದನೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆ ನಾಟಕದ ಸ್ಟೆಫಾನೋ ಎಂಬ ಪಾತ್ರಕ್ಕೆ ಹಾಪ್ಕಿನ್ಸ್‌ನೇ ಮೂಲವೆಂಬುದು ಮಾತ್ರ ಹೆಸರಿನ ಸಾಮ್ಯದಿಂದ ಹುಟ್ಟಿದ ಊಹೆ.

ಬರ್ಮುಡಾದ ಹಾಪ್ಕಿನ್ಸ್ ಮತ್ತು ಮೇಫ್ಲವರ್‌ನ ಹಾಪ್ಕಿನ್ಸ್ ಒಬ್ಬನೇ ಎಂಬುದು ಸಂದರ್ಭ ಸಾಕ್ಷ್ಯಗಳ ಮೇಲೆ ನಿಂತ ತೀರ್ಮಾನ. ಹೆಂಡತಿ ಸತ್ತಾಗ ಗಂಡ ಊರಿನಲ್ಲಿ ಇರದಿದ್ದುದು ಹಾಗೂ ಪ್ಲಿಮತ್‌ನಲ್ಲಿ ಹಾಪ್ಕಿನ್ಸ್‌ನಿಗೆ ಮೂಲನಿವಾಸಿಗಳ ಪದ್ಧತಿಯ ಪರಿಚಯ ಮೊದಲೇ ಇದ್ದುದು ಇದನ್ನು ಬಲಪಡಿಸುತ್ತವೆ. ಇಂದಿನ ಸಂಶೋಧಕರು ಸಾಮಾನ್ಯವಾಗಿ ಇದನ್ನು ಒಪ್ಪುತ್ತಾರೆ.

ಮರುಮದುವೆ ಮತ್ತು ಮೇಫ್ಲವರ್ ಪ್ರಯಾಣ

ಇಂಗ್ಲೆಂಡಿಗೆ ಮರಳಿದ ಹಾಪ್ಕಿನ್ಸ್ ಲಂಡನ್ನಿನ ಪೂರ್ವಭಾಗದಲ್ಲಿ ನೆಲೆಸಿ, 1618ರ ಫೆಬ್ರವರಿ 19ರಂದು ವೈಟ್‌ಚಾಪೆಲ್‌ನ ಸೇಂಟ್ ಮೇರಿ ಮ್ಯಾಟ್‌ಫೆಲನ್ ಚರ್ಚಿನಲ್ಲಿ ಎಲಿಜಬೆತ್ ಫಿಶರ್ ಎಂಬಾಕೆಯನ್ನು ಮದುವೆಯಾದನು. ಇವರ ಮೊದಲ ಮಗಳು ಡಾಮರಿಸ್.

ಮೇಫ್ಲವರ್ ಪ್ರಯಾಣವನ್ನು ಹಮ್ಮಿಕೊಂಡವರಲ್ಲಿ ಒಂದು ಭಾಗ, ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾಗಿ ಹಾಲೆಂಡಿನ ಲೈಡನ್ ನಗರದಲ್ಲಿದ್ದ ಪ್ರತ್ಯೇಕತಾವಾದಿಗಳು. ಹಾಪ್ಕಿನ್ಸ್ ಆ ಗುಂಪಿನವನಲ್ಲ. ಬಂಡವಾಳ ಹೂಡಿದ ಲಂಡನ್ ವ್ಯಾಪಾರಿಗಳ ಕಡೆಯಿಂದ ಸೇರಿದವನು. ಗರ್ಭಿಣಿ ಹೆಂಡತಿ, ಕಾನ್ಸ್‌ಟನ್ಸ್, ಜೈಲ್ಸ್, ಡಾಮರಿಸ್ ಹಾಗೂ ಕರಾರಿನ ಸೇವಕರಾದ ಎಡ್ವರ್ಡ್ ಡೋಟಿ ಮತ್ತು ಎಡ್ವರ್ಡ್ ಲೈಸ್ಟರ್ ಜೊತೆಗಿದ್ದರು. ಹಿರಿಯ ಮಗಳು ಎಲಿಜಬೆತ್ ಪ್ರಯಾಣಿಕರ ಪಟ್ಟಿಯಲ್ಲಿಲ್ಲ. ಅಟ್ಲಾಂಟಿಕ್ ಮಧ್ಯೆ ಹೆಂಡತಿಗೆ ಗಂಡುಮಗು ಹುಟ್ಟಿತು. ಸಾಗರದಲ್ಲಿ ಹುಟ್ಟಿದ ಕಾರಣ ಓಷಿಯಾನಸ್ ಎಂದು ಹೆಸರಿಟ್ಟರು.

ಹಡಗು ಹಡ್ಸನ್ ನದಿಯ ಮುಖಕ್ಕೆ ಹೋಗಬೇಕಾಗಿದ್ದು, ಅದರ ಉತ್ತರದ ಕೇಪ್ ಕಾಡ್ ತಲುಪಿತು. ಆ ಪ್ರದೇಶ ಅವರಿಗಿದ್ದ ಸನ್ನದಿನ ವ್ಯಾಪ್ತಿಗೆ ಹೊರಗಿನದು. ಹಾಗಾದರೆ ತಮ್ಮನ್ನು ಆಳುವ ಹಕ್ಕು ಯಾರಿಗೂ ಇಲ್ಲವೆಂದು ಕೆಲವರು ಮಾತಾಡತೊಡಗಿದರೆಂದು ವಿಲಿಯಂ ಬ್ರ್ಯಾಡ್‌ಫರ್ಡ್ ಬರೆದಿದ್ದಾನೆ. ಬರ್ಮುಡಾದಲ್ಲಿ ಹಾಪ್ಕಿನ್ಸ್ ಮಂಡಿಸಿದ್ದ ವಾದವೂ ಬಹುಮಟ್ಟಿಗೆ ಇದೇ. ಬ್ರ್ಯಾಡ್‌ಫರ್ಡ್ ಹೆಸರು ಹೇಳದಿದ್ದರೂ ಈ ಮಾತಿನ ಹಿಂದೆ ಹಾಪ್ಕಿನ್ಸ್ ಇದ್ದಿರಬಹುದೆಂದು ಕೆಲವು ಇತಿಹಾಸಕಾರರು ಶಂಕಿಸಿದ್ದಾರೆ. ಇದಕ್ಕೆ ಪರಿಹಾರವಾಗಿ 1620ರ ನವೆಂಬರ್ 11ರಂದು ಸಿದ್ಧವಾದ ಮೇಫ್ಲವರ್ ಒಡಂಬಡಿಕೆಗೆ 41 ಮಂದಿ ಸಹಿ ಹಾಕಿದರು. ಹಾಪ್ಕಿನ್ಸ್ ಅವರಲ್ಲಿ ಒಬ್ಬನು. ಆತನ ಇಬ್ಬರು ಸೇವಕರೂ ಸಹಿ ಮಾಡಿದ್ದಾರೆ.

ಮೂಲನಿವಾಸಿಗಳೊಡನೆ ಸಂಪರ್ಕ

ನವೆಂಬರ್ 15ರಂದು ಮೈಲ್ಸ್ ಸ್ಟ್ಯಾಂಡಿಶ್‌ನ ನೇತೃತ್ವದಲ್ಲಿ ಹದಿನಾರು ಮಂದಿ ದಡಕ್ಕಿಳಿದು ಶೋಧಿಸಿದಾಗ ಹಾಪ್ಕಿನ್ಸ್ ಸಲಹೆಗಾರನಾಗಿ ಹೋದನು. ದಾರಿಯಲ್ಲಿ ಬಗ್ಗಿಸಿ ಕಟ್ಟಿದ್ದ ಎಳೆಯ ಮರವೊಂದನ್ನು ಕಂಡು ಅದು ಜಿಂಕೆ ಹಿಡಿಯುವ ಉರುಲೆಂದು ಆತನೇ ವಿವರಿಸಿದನು. ಹಿಂದೆ ಬರುತ್ತಿದ್ದ ಬ್ರ್ಯಾಡ್‌ಫರ್ಡ್ ನೋಡುತ್ತ ಸುತ್ತುವಾಗ ಉರುಲು ಚಿಮ್ಮಿ ಅವನ ಕಾಲನ್ನೇ ಹಿಡಿಯಿತು. ಇದೇ ತಂಡ ಮೂಲನಿವಾಸಿಗಳು ನೆಲದಲ್ಲಿ ಹೂತಿಟ್ಟಿದ್ದ ಮೆಕ್ಕೆಜೋಳವನ್ನು ತೆಗೆದುಕೊಂಡು ಬಂದಿತೆಂಬುದನ್ನೂ ಮರೆಯಬಾರದು.

ವಲಸಿಗರು ಪ್ಲಿಮತ್ ಎಂದು ಕರೆದ ಸ್ಥಳ ಅದಕ್ಕೆ ಮೊದಲು ಪಟಕ್ಸೆಟ್ ಎಂಬ ಊರಾಗಿತ್ತು. 1616ರಿಂದ 1619ರ ನಡುವೆ ಹರಡಿದ ಸಾಂಕ್ರಾಮಿಕ ರೋಗದಿಂದ ಅಲ್ಲಿನ ಜನ ನಿರ್ನಾಮವಾಗಿದ್ದರು. ಮೊದಲ ಚಳಿಗಾಲದಲ್ಲಿ ವಲಸಿಗರಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಸತ್ತರು. 1621ರ ಮಾರ್ಚ್ 16ರಂದು ಸ್ಯಾಮೊಸೆಟ್ ಎಂಬ ಮೂಲನಿವಾಸಿ ಒಬ್ಬನೇ ನಡೆದು ಬಂದು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಾಗ ವಲಸಿಗರು ಬೆರಗಾದರು. ಆ ರಾತ್ರಿ ಅವನನ್ನು ಹಾಪ್ಕಿನ್ಸ್‌ನ ಮನೆಯಲ್ಲಿ ಉಳಿಸಿಕೊಂಡು, ಅವನಿಗೆ ತಿಳಿಯದಂತೆ ಕಾವಲೂ ಇಟ್ಟರು.

ಅದೇ ವರ್ಷ ಜುಲೈನಲ್ಲಿ ಹಾಪ್ಕಿನ್ಸ್ ಮತ್ತು ಎಡ್ವರ್ಡ್ ವಿನ್ಸ್‌ಲೋ, ಟಿಸ್ಕ್ವಾಂಟಮ್‌ನ ಮಾರ್ಗದರ್ಶನದಲ್ಲಿ ವಾಂಪನೋಗ್ ನಾಯಕ ಮಸಾಸೊಯಿಟ್‌ನನ್ನು ಕಾಣಲು ಪೊಕನೊಕೆಟ್‌ಗೆ ಹೋದರು. ಕೆಂಪು ಬಟ್ಟೆಯ ಅಂಗಿ ಮತ್ತು ತಾಮ್ರದ ಸರ ಕಾಣಿಕೆಯಾಗಿದ್ದವು. ಮಸಾಸೊಯಿಟ್‌ನ ಮನೆಯಲ್ಲಿ ಆಗ ಊಟಕ್ಕೆ ಏನೂ ಇರಲಿಲ್ಲ. ಅತಿಥಿಗಳಿಗೆ ನಾಯಕನೂ ಅವನ ಹೆಂಡತಿಯೂ ಮಲಗುವ ಹಲಗೆಯ ಮೇಲೆಯೇ ಜಾಗ ದೊರೆಯಿತು. ಇನ್ನಿಬ್ಬರು ಅದೇ ಹಲಗೆಗೆ ಬಂದು ಒತ್ತರಿಸಿದರು. ಪ್ರಯಾಣಕ್ಕಿಂತ ಆ ರಾತ್ರಿಯೇ ಹೆಚ್ಚು ದಣಿಸಿತೆಂದು ವರದಿಯಲ್ಲಿದೆ.

ಪ್ಲಿಮತ್‌ನಲ್ಲಿ

1621ರ ಜೂನ್ 18ರಂದು ಡೋಟಿ ಮತ್ತು ಲೈಸ್ಟರ್ ಕತ್ತಿ, ಬಾಕು ಹಿಡಿದು ಕಾದಾಡಿದರು. ತಲೆಯನ್ನೂ ಕಾಲುಗಳನ್ನೂ ಸೇರಿಸಿ 24 ಗಂಟೆ ಕಟ್ಟಿಹಾಕಬೇಕೆಂದು ಶಿಕ್ಷೆಯಾಯಿತು. ನೋವು ತಾಳಲಾರದೆ ಅವರೂ, ಅವರ ಪರವಾಗಿ ಒಡೆಯ ಹಾಪ್ಕಿನ್ಸ್‌ನೂ ಬೇಡಿಕೊಂಡದ್ದರಿಂದ ಒಂದು ಗಂಟೆಯೊಳಗೆ ಬಿಡುಗಡೆಯಾಯಿತು. ಹನ್ನೊಂದು ವರ್ಷದ ಹಿಂದೆ ಹಾಪ್ಕಿನ್ಸ್ ತಾನೇ ಇಂಥ ದಯೆಯಿಂದ ಉಳಿದಿದ್ದನು.

1630ರ ದಶಕದ ಮೊದಲ ಭಾಗದಲ್ಲಿ ಆತ ಗವರ್ನರನ ಸಹಾಯಕ ಮಂಡಳಿಯ ಸದಸ್ಯನಾಗಿದ್ದನು. 1637ರಲ್ಲಿ ಪೀಕ್ವಟ್ ಯುದ್ಧಕ್ಕೆ ಹೊರಡಲು ಜೈಲ್ಸ್ ಮತ್ತು ಕೇಲಬ್ ಎಂಬ ಮಕ್ಕಳೊಡನೆ ಹೆಸರು ಕೊಟ್ಟನು. ಆದರೆ ನ್ಯಾಯಾಲಯದ ಪುಸ್ತಕದಲ್ಲಿ ಇನ್ನೊಂದು ಚಿತ್ರವಿದೆ. 1636ರ ಜೂನ್‌ನಲ್ಲಿ ಜಾನ್ ಟಿಸ್ಡೇಲ್ ಎಂಬವನನ್ನು ಹೊಡೆದುದಕ್ಕೆ 5 ಪೌಂಡ್ ದಂಡ ತೆತ್ತು, ಗಾಯಗೊಂಡವನಿಗೆ 40 ಶಿಲಿಂಗ್ ಕೊಡಬೇಕಾಯಿತು. ಮುಂದಿನ ವರ್ಷಗಳಲ್ಲಿ ಭಾನುವಾರ ಮನೆಯಲ್ಲಿ ಕುಡಿಯಲು ಬಿಟ್ಟದ್ದು, ಒಂದು ಪೆನ್ನಿ ಬೆಲೆಯ ಬಿಯರನ್ನು ಎರಡಕ್ಕೆ ಮಾರಿದ್ದು, ಬೇರೆಡೆ 9 ಪೆನ್ನಿಗೆ ಸಿಗುವ ಕನ್ನಡಿಯನ್ನು 16 ಪೆನ್ನಿಗೆ ಮಾರಿದ್ದು ಮುಂತಾದ ಆರೋಪಗಳು ಒಂದಾದಮೇಲೊಂದು ಬಂದವು.

ಇವುಗಳಲ್ಲಿ ಅತ್ಯಂತ ಕಹಿಯಾದುದು ಡೊರೊತಿ ಟೆಂಪಲ್ ಪ್ರಕರಣ. ಹಾಪ್ಕಿನ್ಸ್‌ನ ಮನೆಯ ಕರಾರಿನ ಸೇವಕಿಯಾಗಿದ್ದ ಈಕೆ ಆರ್ಥರ್ ಪೀಚ್ ಎಂಬವನಿಂದ ಗರ್ಭಿಣಿಯಾದಳು. ಮೂಲನಿವಾಸಿಯೊಬ್ಬನನ್ನು ದೋಚಿ ಕೊಂದುದಕ್ಕೆ ಪೀಚ್‌ನನ್ನು 1638ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಸಂಗಡಿಗರೊಂದಿಗೆ ಗಲ್ಲಿಗೇರಿಸಲಾಗಿತ್ತು. ಕರಾರಿನ ಉಳಿದ ಎರಡು ವರ್ಷ ತಾಯಿಯನ್ನೂ ಮಗುವನ್ನೂ ಹಾಪ್ಕಿನ್ಸ್ ಪೋಷಿಸಬೇಕೆಂದು ನ್ಯಾಯಾಲಯ ಹೇಳಿತು. ಆತ ಒಪ್ಪಲಿಲ್ಲ. 1639ರ ಫೆಬ್ರವರಿಯಲ್ಲಿ ನ್ಯಾಯಾಲಯ ನಿಂದನೆಗಾಗಿ ಆತನನ್ನು ಬಂಧನದಲ್ಲಿಟ್ಟರು. ಜಾನ್ ಹೋಮ್ಸ್ ಎಂಬವನಿಗೆ 3 ಪೌಂಡ್ ಕೊಟ್ಟು, ಡೊರೊತಿಯ ಉಳಿದ ಅವಧಿಯನ್ನು ಅವನಿಗೆ ವಹಿಸಿದ ಮೇಲೆಯೇ ಬಿಡುಗಡೆಯಾಯಿತು. ಹೆಂಡತಿ ಮಕ್ಕಳ ಹೆಸರಿನಲ್ಲಿ ಜೀವದಾನ ಪಡೆದಿದ್ದವನ ನಡತೆ ಇದೆಂಬುದನ್ನು ಜೀವನಚರಿತ್ರೆಕಾರರು ಮುಚ್ಚಿಟ್ಟಿಲ್ಲ.

ಉಯಿಲು

ಹಾಪ್ಕಿನ್ಸ್ 1644ರ ಜೂನ್ 6ರಂದು ಉಯಿಲು ಬರೆಸಿದನು. ಆಸ್ತಿಪಟ್ಟಿ ಜುಲೈ 17ರಂದು ತಯಾರಾಗಿರುವುದರಿಂದ ಈ ಎರಡು ದಿನಾಂಕಗಳ ನಡುವೆ ಸತ್ತನೆಂದು ನಿರ್ಧರಿಸಲಾಗಿದೆ. ಹಿಂದೆಯೇ ತೀರಿಕೊಂಡಿದ್ದ ಎರಡನೆಯ ಹೆಂಡತಿಯ ಸಮಾಧಿಯ ಹತ್ತಿರವೇ ತನ್ನನ್ನು ಹೂಳಬೇಕೆಂದು ಆತ ಕೇಳಿಕೊಂಡಿದ್ದಾನೆ. ಬ್ರ್ಯಾಡ್‌ಫರ್ಡ್ ಮತ್ತು ಸ್ಟ್ಯಾಂಡಿಶ್ ಸಾಕ್ಷಿಗಳು.

ವಂಶಾವಳಿಯ ದೃಷ್ಟಿಯಿಂದ ಈ ಉಯಿಲು ಅಮೂಲ್ಯ. ಆಗ ಬದುಕಿದ್ದ ಮಕ್ಕಳೆಲ್ಲರನ್ನೂ ಅದು ಹೆಸರಿಸುತ್ತದೆ. ಹಂಚಿಕೆ ನಡೆದದ್ದು ಬಹುಮಟ್ಟಿಗೆ ದನಕರುಗಳಲ್ಲಿ. ಜೈಲ್ಸ್‌ನಿಗೆ ದೊಡ್ಡ ಹೋರಿ, ಕಾನ್ಸ್‌ಟನ್ಸ್‌ಳಿಗೆ ಒಂದು ಹೆಣ್ಣುಕುದುರೆ. ಕಿರಿಯ ಹೆಣ್ಣುಮಕ್ಕಳ ಪಾಲಿನ ಹಸುಗಳಿಗೆ ಹೆಸರುಗಳೂ ಇವೆ: ರೂತ್‌ಳಿಗೆ 'ರೆಡ್ ಕೋಲ್', ಎಲಿಜಬೆತ್‌ಳಿಗೆ 'ಸ್ಮೈಕಿನ್ಸ್', ಡೆಬೊರಾ ಮತ್ತು ಡಾಮರಿಸ್ ಇಬ್ಬರಿಗೂ ಸೇರಿ 'ಮಾಟ್ಲಿ' ಎಂಬ ಹಸು, ಅರ್ಧರ್ಧ. ಮನೆ, ಜಮೀನು ಕೇಲಬ್‌ನಿಗೆ.

ಮಕ್ಕಳು

ಮೇರಿಯ ಮಕ್ಕಳಲ್ಲಿ ಕಾನ್ಸ್‌ಟನ್ಸ್, 1623ರಲ್ಲಿ 'ಆ್ಯನ್' ಹಡಗಿನಲ್ಲಿ ಬಂದ ನಿಕೊಲಸ್ ಸ್ನೋನನ್ನು ಮದುವೆಯಾದಳು. ಆಕೆಗೆ ಹನ್ನೆರಡು ಮಕ್ಕಳು, ಎಲ್ಲರೂ ಬದುಕಿದ್ದಾರೆಂದು ಬ್ರ್ಯಾಡ್‌ಫರ್ಡ್ 1651ರ ಸುಮಾರಿಗೆ ಬರೆದಿದ್ದಾನೆ. ಆಕೆ 1677ರ ಅಕ್ಟೋಬರ್‌ನಲ್ಲಿ ಈಸ್ಟ್‌ಹ್ಯಾಮ್‌ನಲ್ಲಿ ನಿಧನಳಾದಳು. ಜೈಲ್ಸ್ 1639ರಲ್ಲಿ ಕ್ಯಾಥರಿನ್ ವೆಲ್ಡನ್‌ಳನ್ನು ಮದುವೆಯಾಗಿ ಯಾರ್ಮತ್‌ನಲ್ಲಿಯೂ ಅನಂತರ ಈಸ್ಟ್‌ಹ್ಯಾಮ್‌ನಲ್ಲಿಯೂ ಬಾಳಿದನು.

ಎಲಿಜಬೆತ್ ಫಿಶರ್‌ಳ ಮಕ್ಕಳ ವಿಷಯದಲ್ಲಿ ಒಂದು ಒಗಟಿದೆ. 1627ರಲ್ಲಿ ವಸಾಹತಿನ ದನಗಳನ್ನು ಕುಟುಂಬವಾರು ಹಂಚಿದಾಗ ಮಾಡಿದ ಪಟ್ಟಿಯಲ್ಲಿ ಹಾಪ್ಕಿನ್ಸ್ ದಂಪತಿಗಳೊಡನೆ ಜೈಲ್ಸ್, ಕೇಲಬ್, ಡೆಬೊರಾ ಮತ್ತು ಕಾನ್ಸ್‌ಟನ್ಸ್ ಇದ್ದಾರೆ. ಓಷಿಯಾನಸ್ ಇಲ್ಲ, ಡಾಮರಿಸ್‌ಳೂ ಇಲ್ಲ. ಉಯಿಲಿನಲ್ಲಿ ಮತ್ತೆ ಡಾಮರಿಸ್ ಎಂಬ ಹೆಸರು ಬರುತ್ತದೆ. ಮೇಫ್ಲವರ್‌ನಲ್ಲಿ ಬಂದ ಡಾಮರಿಸ್ 1627ಕ್ಕೆ ಮೊದಲೇ ತೀರಿಕೊಂಡಳು, ಮುಂದೆ ಹುಟ್ಟಿದ ಮಗಳಿಗೆ ಅದೇ ಹೆಸರಿಟ್ಟರು ಎಂಬುದು ಇದರ ವಿವರಣೆ. ಸತ್ತ ಮಗುವಿನ ಹೆಸರನ್ನು ಮತ್ತೊಂದು ಮಗುವಿಗೆ ಇಡುವುದು ಆ ಕಾಲದಲ್ಲಿ ಸಾಮಾನ್ಯ. 1646ರಲ್ಲಿ ಜೇಕಬ್ ಕುಕ್‌ನನ್ನು ಮದುವೆಯಾದವಳು ಈ ಎರಡನೆಯ ಡಾಮರಿಸ್. ಅದೇ ವರ್ಷ ಡೆಬೊರಾ ಆ್ಯಂಡ್ರ್ಯೂ ರಿಂಗ್‌ನ ಹೆಂಡತಿಯಾದಳು. ನಾವಿಕನಾದ ಕೇಲಬ್ ಬಾರ್ಬಡೋಸ್‌ನಲ್ಲಿ ಸತ್ತನು. ರೂತ್ ಮದುವೆಯಾಗದೆ ತೀರಿಕೊಂಡಳು.

ಕಿರಿಯವಳಾದ ಎಲಿಜಬೆತ್ ದುರ್ಬಲ ಮೈಕಟ್ಟಿನವಳು. ತಂದೆ ಸತ್ತ ವರ್ಷವೇ, ನವೆಂಬರ್‌ನಲ್ಲಿ, ಕೇಲಬ್ ಆಕೆಯನ್ನು ರಿಚರ್ಡ್ ಸ್ಪ್ಯಾರೋ ಎಂಬವನ ಮನೆಗೆ ಒಪ್ಪಿಸಿದನು. ಕೆಲಸ ಮಾಡುವಷ್ಟು ಶಕ್ತಿ ಆಕೆಗಿಲ್ಲವೆಂದು ಒಪ್ಪಂದದಲ್ಲಿಯೇ ಬರೆಯಲಾಗಿದೆ. ಆಕೆ ಕಡೆಗೆ ಊರು ಬಿಟ್ಟು ಕಾಣೆಯಾದಳು. 1659ರಲ್ಲಿ ಆಕೆಯ ದನಗಳಿಗೆ ಬೆಲೆ ಕಟ್ಟುವಾಗ ಅಧಿಕಾರಿಗಳು ಬರೆದದ್ದು ಮರಣವಾರ್ತೆಯನ್ನಲ್ಲ, ಆಕೆ ಇನ್ನು ಮರಳಿ ಬಾರದಿದ್ದರೆ ಎಂಬ ಷರತ್ತನ್ನು.

ಸ್ಮಾರಕಗಳು ಮತ್ತು ಹೆಸರಿನ ಗೊಂದಲ

ಈಸ್ಟ್‌ಹ್ಯಾಮ್‌ನ ಕೋವ್ ಸ್ಮಶಾನದಲ್ಲಿ ಕಾನ್ಸ್‌ಟನ್ಸ್ ಮತ್ತು ಜೈಲ್ಸ್ ಇಬ್ಬರ ಸ್ಮಾರಕ ಫಲಕಗಳಿವೆ. ಕಾನ್ಸ್‌ಟನ್ಸ್‌ಳದೆಂದು ಹೇಳಲಾಗುವ ಬೀವರ್ ತುಪ್ಪಳದ ಟೋಪಿಯೊಂದು ಪ್ಲಿಮತ್‌ನ ಪಿಲ್ಗ್ರಿಮ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಹಾಪ್ಕಿನ್ಸ್ ವಂಶದ ಮೊದಲ ಐದು ತಲೆಮಾರುಗಳನ್ನು, 1897ರಲ್ಲಿ ಸ್ಥಾಪನೆಯಾದ ಮೇಫ್ಲವರ್ ವಂಶಜರ ಸಂಘವು ತನ್ನ ಗ್ರಂಥಮಾಲೆಯ ಆರನೆಯ ಸಂಪುಟವಾಗಿ ಪ್ರಕಟಿಸಿದೆ.

1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ರೋಡ್ ಐಲೆಂಡ್‌ನ ಸ್ಟೀಫನ್ ಹಾಪ್ಕಿನ್ಸ್ (1707–1785) ಈತನ ವಂಶದವನಲ್ಲ. ಆತ ಪ್ರಾವಿಡೆನ್ಸ್‌ನ ಮೊದಲ ನಿವಾಸಿಗಳಲ್ಲಿ ಒಬ್ಬನಾದ ಥಾಮಸ್ ಹಾಪ್ಕಿನ್ಸ್‌ನ ಸಂತತಿ.